ಗಂಗುಲಪ್ಪನ ಪೆಟ್ಟಿಗೆ ಮತ್ತು ಅರ್ಧ ಹಾಡು

ಬೈರಕೂರಿನ ಗಂಗುಲಪ್ಪ ಸೈಕಲ್ಲಿನ ಕ್ಯಾರಿಯರಿಗೆ ಹಾರ್ಮೋನಿಯಂ ಬಿಗಿದುಕೊಂಡು ರಸ್ತೆಗೆ ಇಳಿದನೆಂದರೆ ಸಾಕು, ಹೊಲದಲ್ಲಿ ಟೊಮೇಟೊ ಬಿಡಿಸುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತು ಕೇಳುತ್ತಿದ್ದರು: “ಮೇಷ್ಟ್ರೇ, ಯಾರು ಹೋದ್ರು?”

ಹಾರ್ಮೋನಿಯಮ್ಮಿಗೆ ಆ ಕಡೆ ಪೆಟ್ಟಿಗೆ ಎಂದೇ ಹೆಸರು. ಪೆಟ್ಟಿಗೆಯಿಲ್ಲದೆ ಬರಿಗೈಯಲ್ಲಿ ಮುಳಬಾಗಿಲಿನ ಸಂತೆಗೆ ಹೊರಟರೂ ಪ್ರಶ್ನೆ ತಪ್ಪುತ್ತಿರಲಿಲ್ಲ. ಆಂಧ್ರದ ಗಡಿಯ ಹತ್ತಿರದವರು ತೆಲುಗಿನಲ್ಲಿ “ಎವರು ಸ್ವಾಮೀ ಪೋಯಿನಾರು?” ಎನ್ನುತ್ತಿದ್ದರು. ಭಾಷೆ ಬೇರೆ, ಹೆಣ ಒಂದೇ. ಜ್ವರ ಬಂದು ಜಗಲಿಯ ಮೇಲೆ ಮಲಗಿದ್ದ ಸೊಣ್ಣಪ್ಪನೆಂಬ ಮುದುಕ ಒಮ್ಮೆ ಗಂಗುಲಪ್ಪನನ್ನು ಕಂಡೊಡನೆ ಕಂಬಳಿಯಿಂದ ತಲೆ ಹೊರಹಾಕಿ, “ನಾನಿನ್ನೂ ಇದೀನಿ ಕಣಯ್ಯಾ, ಮುಂದಿನ ಮನೆಗೆ ಹೋಗು” ಎಂದು ಕೈಮುಗಿದಿದ್ದ. ಯಮಧರ್ಮನಿಗೆ ಕೋಣ, ಗಂಗುಲಪ್ಪನಿಗೆ ಸೈಕಲ್ಲು. ಮೂರು ತಾಲ್ಲೂಕಿನ ಜನಕ್ಕೆ ಇಬ್ಬರಲ್ಲಿ ಇದ್ದ ವ್ಯತ್ಯಾಸ ಅಷ್ಟೇ.

ಈ ಪದವಿಗೆ ಗಂಗುಲಪ್ಪ ಅರ್ಜಿ ಹಾಕಿದವನಲ್ಲ. ಅವನು ನಾಟಕದ ಮೇಷ್ಟ್ರು. ರಾಗಿ ಕಟಾವು ಮುಗಿದ ಮೇಲೆ ಊರೂರಿಗೆ ಹೋಗಿ, ನೇಗಿಲು ಹಿಡಿಯುವ ಕೈಗಳಿಗೆ ಗದೆ ಹಿಡಿಯುವುದನ್ನೂ, ಎತ್ತಿಗೆ ಕೂಗುವ ಗಂಟಲುಗಳಿಗೆ ಪದ್ಯ ಎಳೆಯುವುದನ್ನೂ ಕಲಿಸುತ್ತಿದ್ದ. ಮದುವೆ ಮನೆಯವರೂ ಕರೆಯುತ್ತಿದ್ದರು. ಧಾರೆ ಮುಗಿದು ಓಲಗದವರು ಊಟಕ್ಕೆ ಕೂತ ಮೇಲೆ ಚಪ್ಪರದ ಕೆಳಗೆ ಪೆಟ್ಟಿಗೆ ಇಟ್ಟುಕೊಂಡು ಹೆಣ್ಣುಗಂಡಿನ ಹೆಸರು ಸೇರಿಸಿ ಹಾಡು ಕಟ್ಟಿ ನುಡಿಸುತ್ತಿದ್ದ. ಬೀಗತಿಯರನ್ನು ಹಾಡಿನಲ್ಲೇ ಗೇಲಿ ಮಾಡುತ್ತಿದ್ದ. ಅವನಿಗೆ ನಿಜವಾಗಿ ಇಷ್ಟವಾದ ಕೆಲಸ ಅದು.

ಎಲ್ಲ ಕೆಟ್ಟದ್ದು ಅಮೆರಿಕದಿಂದ.

ಎಪ್ಪತ್ತೆರಡನೇ ಇಸವಿಯ ಒಂದು ಭಾನುವಾರ ಪೆಟ್ಟಿಗೆಯ ರೀಡುಗಳು ಕೆಟ್ಟವೆಂದು ಗಂಗುಲಪ್ಪ ಕೆಜಿಎಫ್‌ಗೆ ಹೋದ. ಅಲ್ಲಿ ಸುಬ್ಬರಾಯಪ್ಪನೆಂಬುವನು ರಿಪೇರಿ ಮಾಡುತ್ತಿದ್ದ. “ಮಧ್ಯಾಹ್ನ ಬನ್ನಿ ಮೇಷ್ಟ್ರೇ” ಎಂದ. ಹೊತ್ತು ಕಳೆಯಬೇಕಲ್ಲ, ಗಂಗುಲಪ್ಪ ಹತ್ತಿರದ ಥಿಯೇಟರಿನಲ್ಲಿ ಬೆಳಗಿನ ಆಟಕ್ಕೆ ಹೊಕ್ಕ. ಗಣಿಯ ಇಂಗ್ಲಿಷ್ ದೊರೆಗಳು ಬಿಟ್ಟುಹೋದ ರೂಢಿಯಂತೆ ಅಲ್ಲಿ ಭಾನುವಾರ ಇಂಗ್ಲಿಷ್ ಸಿನಿಮಾ. ಅವತ್ತು ಹಾಕಿದ್ದು ಅಮೆರಿಕದವರ ಹಳೆಯ ಹಾಡಿನ ಚಿತ್ರ. ಅದರ ಹೆಸರು ಕೊನೆತನಕ ಅವನ ನಾಲಗೆಗೆ ಹತ್ತಲಿಲ್ಲ. ಒಳಗೆ ಹೋಗುವ ಹೊತ್ತಿಗೆ ಆಟ ಶುರುವಾಗಿ ಬಹಳ ಹೊತ್ತಾಗಿತ್ತು.

ಕತ್ತಲಲ್ಲಿ ತಡಕಿ ಕೂತ ಗಂಗುಲಪ್ಪನಿಗೆ ಕಂಡದ್ದು ಇದು: ಎಳೆ ವಯಸ್ಸಿನ ಹೆಣ್ಣೊಬ್ಬಳು, ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ. ಮುಖದ ಮೇಲೆ ಬಿಳಿ ಮುಸುಕು. ಸುತ್ತ ಕರಿಬಟ್ಟೆಯ ಗಂಡಸರು ತುಟಿ ಬಿಚ್ಚದೆ ನಿಂತಿದ್ದಾರೆ. ಇಗರ್ಜಿಯ ಗಂಟೆ ಒಂದೊಂದೇ ಬಡಿಯುತ್ತಿದೆ. ಮುದುಕಿಯೊಬ್ಬಳು ಕರ್ಚೀಫಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ. ಆ ಹೆಣ್ಣು ಕೈಯಲ್ಲಿ ಹೂವಿನ ಗೊಂಚಲು ಹಿಡಿದು, ಹೆಜ್ಜೆ ಎಣಿಸಿದಂತೆ ನಡೆಯುತ್ತಾ, ನಿಧಾನವಾಗಿ ಒಂದು ಹಾಡು ಎತ್ತಿಕೊಂಡಳು.

‘ಅಯ್ಯೋ, ಇಷ್ಟು ಚಿಕ್ಕ ವಯಸ್ಸಿಗೇ ಮುಂಡೆಯಾದಳಲ್ಲ!’ ಎಂದುಕೊಂಡ ಗಂಗುಲಪ್ಪ.

ಮೊದಲ ಚರಣ ಮುಗಿಯುವುದರೊಳಗೆ ಅವನ ಕಣ್ಣೂ ಒದ್ದೆಯಾಗಿತ್ತು, ಮಟ್ಟೂ ಬಾಯಿಗೆ ಬಂದಿತ್ತು. ಮಟ್ಟು ಸಿಕ್ಕಿದೊಡನೆ ಎದ್ದುಬಿಡುವುದು ಅವನ ಕಸುಬಿನ ನೇಮ. ಕೂತರೆ ಮುಂದಿನ ಹಾಡು ಬಂದು ಹಿಂದಿನದನ್ನು ನುಂಗುತ್ತದೆ. ರಿಪೇರಿಯಾದ ಪೆಟ್ಟಿಗೆ ತೆಗೆದುಕೊಂಡು, ತುಟಿ ಬಿಗಿದು, ಯಾರ ಮಾತಿಗೂ ಉತ್ತರ ಕೊಡದೆ, ಸಂಜೀವಿನಿಯ ಬೆಟ್ಟ ಹೊತ್ತು ಬಂದಷ್ಟೇ ಗಾಂಭೀರ್ಯದಿಂದ ಆ ಮಟ್ಟನ್ನು ಬೈರಕೂರಿಗೆ ಹೊತ್ತು ತಂದ. ತಾನು ಥಿಯೇಟರಿನ ಬಾಗಿಲು ದಾಟಿದ ಮೇಲೆ ಒಳಗೆ ಏನಾಯಿತೆಂದು ಅವನು ತಿರುಗಿ ನೋಡಲಿಲ್ಲ.

ಆ ವರ್ಷ ಊರಿನವರು ಆಡಲಿದ್ದ ನಾಟಕ ಗಂಗುಲಪ್ಪನೇ ಹೊಸೆದದ್ದು. ಅದರಲ್ಲಿ ಯುದ್ಧದಲ್ಲಿ ಸತ್ತ ರಾಜಕುಮಾರನ ಮುಂದೆ ಮಹಾರಾಣಿ ಅಳಬೇಕು. ರಾಣಿಯ ಪಾತ್ರ ಹಿಪ್ಪುನೇರಳೆ ತೋಟದ ದೊಡ್ಡಮುನಿಯಪ್ಪನದು. ಗಂಟಲು ಜೇನು, ಮುಖದ ಮೇಲೆ ಮಾತ್ರ ಪೊರಕೆಯಂಥ ಮೀಸೆ.

“ಮೀಸೆ ತೆಗೀಲಾ, ರಾಣಿಗೆ ಮೀಸೆ ಇರ್ತದೇನ್ಲಾ?” ಎಂದ ಗಂಗುಲಪ್ಪ.

“ನಮ್ಮಪ್ಪ ಇನ್ನೂ ಬದುಕವ್ನೆ ಕಣೋ ಮೇಷ್ಟ್ರೇ. ಅಪ್ಪ ಇರೋವಾಗ ಮೀಸೆ ಬೋಳಿಸಿದ್ರೆ ಊರೋರು ಏನಂತಾರೆ? ರಾಣಿ ಸೆರಗು ಕಚ್ಕೊಂಡು ಅಳಲಿ ಬಿಡು.”

ಹಾಗೆಯೇ ಆಯಿತು. ರಾಣಿ ಮೂಗಿನವರೆಗೆ ಸೆರಗು ಎಳೆದುಕೊಂಡು, ‘ಬುತ್ತಿಯ ಕಟ್ಟದೆ ಹೊರಟೆಯಾ ಕಂದಾ, ಬಾಗಿಲ ದಾಟಿದ ಮೇಲ್ಯಾರೋ’ ಎಂದು ಅಮೆರಿಕದ ಮಟ್ಟನ್ನು ಎಳೆದಾಗ ಬೈರಕೂರಿನ ಬಯಲಿನಲ್ಲಿ ಅಳದವರು ಎಂದರೆ ಬಾಡಿಗೆಗೆ ತಂದಿದ್ದ ಪರದೆ, ಜನರೇಟರು ಎರಡೇ. ಸತ್ತ ರಾಜಕುಮಾರ ಕೂಡ ಎದ್ದು ಮೂಗು ಸೀಟಿ ಮತ್ತೆ ಮಲಗಿದ. ದೊಡ್ಡಮುನಿಯಪ್ಪನ ತಂದೆ ಮುಂದಿನ ಸಾಲಿನಿಂದಲೇ ಕೂಗಿದರು: “ಲೇ, ನಾನು ಹೋದಾಗ ಇದನ್ನೇ ಹಾಡ್ರೋ.”

ಮುದುಕರು ಮಾತಿಗೆ ತಪ್ಪುವವರಲ್ಲ. ಮುಂದಿನ ಶಿವರಾತ್ರಿಯ ಹೊತ್ತಿಗೆ ಹೋಗಿಯೇ ಬಿಟ್ಟರು. ದೊಡ್ಡಮುನಿಯಪ್ಪ ಮೀಸೆ ಬೋಳಿಸಿ, ಸೆರಗಿಲ್ಲದೆ, ಹೆಣದ ಮುಂದೆ ಕೂತು ಹಾಡಿದ. ಗಂಗುಲಪ್ಪ ಪೆಟ್ಟಿಗೆ ನುಡಿಸಿದ. ಬಂದ ನೆಂಟರೆಲ್ಲ ಆ ಹಾಡನ್ನು ತಮ್ಮ ತಮ್ಮ ಊರಿಗೆ ಕಟ್ಟಿಕೊಂಡು ಹೋದರು.

ಅಲ್ಲಿಂದ ಮುಂದೆ ಮುಳಬಾಗಿಲು, ಶ್ರೀನಿವಾಸಪುರ, ಕೋಲಾರ ತಾಲ್ಲೂಕುಗಳಲ್ಲಿ ಆ ಹಾಡಿಲ್ಲದೆ ಸಾಯುವುದು ಅವಮಾನವಾಯಿತು. “ಅವರ ಮನೆ ಸಾವಿಗೆ ಮೇಷ್ಟ್ರು ಬಂದಿರಲಿಲ್ಲವಂತೆ” ಎಂದರೆ, ಬದುಕಿದ್ದವರು ತಲೆ ತಗ್ಗಿಸಬೇಕು. ಗಡಿಯಾಚೆಯವರು ತೆಲುಗಿಗೆ ತಿರುಗಿಸಿಕೊಂಡರು. ಮುಳಬಾಗಿಲಿನ ಬ್ಯಾಂಡಿನವರು ತುತ್ತೂರಿಗೆ ಒಗ್ಗಿಸಿಕೊಂಡರು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಕುಟುಂಬ ಯೋಜನೆಯ ಪ್ರಚಾರಕ್ಕೆ ಬಂದ ಒಬ್ಬ ಸಾಹೇಬ, ಜನ ಇಷ್ಟು ಮೆಚ್ಚಿದ ಮಟ್ಟು ಇನ್ನೊಂದಿಲ್ಲವೆಂದು ತಿಳಿದು, ಅದಕ್ಕೇ ‘ಎರಡೇ ಸಾಕು’ ಎಂಬ ಅರ್ಥದ ಪದ್ಯ ಬರೆಸಿ ಜೀಪಿನ ಮೈಕಿನಲ್ಲಿ ಹಾಡಿಸಿದ. ಸಾವಿನ ಮಟ್ಟು ಕೇಳಿ ಊರೆಲ್ಲ ಓಡಿಬಂತು. ಸತ್ತವರು ಯಾರೂ ಇಲ್ಲ, ಆಪರೇಷನ್ ಮಾಡಿಸಿಕೊಳ್ಳಬೇಕಾದವರು ತಾವೇ ಎಂದು ಗೊತ್ತಾದಾಗ ಗಂಡಸರೆಲ್ಲ ನೀಲಗಿರಿ ತೋಪಿನಲ್ಲಿ ಮಾಯವಾದರು. ಮುಂದೆ ಚುನಾವಣೆಗೆ ನಿಂತ ಒಬ್ಬ ಪುಣ್ಯಾತ್ಮ ಅದೇ ಮಟ್ಟಿನಲ್ಲಿ ಮತ ಕೇಳಿದ. ಜನ ಅತ್ತರು, ಮಣ್ಣೂ ಮಾಡಿದರು.

ಹೀಗೆ ಕೀರ್ತಿ ಬೆಳೆದಷ್ಟೂ ಗಂಗುಲಪ್ಪನಿಗೆ ಬಾಗಿಲುಗಳು ಮುಚ್ಚಿದವು. ಮದುವೆಗೆ ಕರೆಯುವುದು ಮೊದಲು ನಿಂತಿತು. ಆಮೇಲೆ ನಾಮಕರಣ, ಗೃಹಪ್ರವೇಶ. ಕೊನೆಗೆ ಮದುವೆಗೆ ನೆಂಟನಾಗಿ ಹೋದರೂ, “ಮೇಷ್ಟ್ರೇ, ನಿಮಗೆ ಊಟ ಮೊದಲೇ ಹಾಕಿಬಿಡ್ತೀವಿ” ಎಂದು ಧಾರೆಗೆ ಮುಂಚೆ ಎಲೆ ಹಾಕಿ ಕಳಿಸುತ್ತಿದ್ದರು. ಅವನ ಹೆಂಡತಿ ಅಶ್ವತ್ಥಮ್ಮ ಪೆಟ್ಟಿಗೆಯನ್ನು ಮನೆಯೊಳಗೆ ಬಿಡದೆ ದನದ ಕೊಟ್ಟಿಗೆಯ ಅಟ್ಟಕ್ಕೆ ಹಾಕಿಸಿದಳು. ಗಂಗುಲಪ್ಪನಿಗೆ ಉಳಿದದ್ದು ಒಂದೇ ಆಸೆ: ಸಾಯುವುದರೊಳಗೆ ತನ್ನ ಪೆಟ್ಟಿಗೆ ಒಂದು ಮದುವೆಯಲ್ಲಿ ನುಡಿಯಬೇಕು. ಬೇರೆ ಯಾರ ಮದುವೆಯಲ್ಲಿ ಆಗದಿದ್ದರೂ ಒಬ್ಬಳೇ ಮಗಳು ಭಾರತಿಯ ಮದುವೆಯಲ್ಲಿ.

ಆದರೆ ಆ ಪೆಟ್ಟಿಗೆಯೇ ಭಾರತಿಯ ಮದುವೆಗೆ ಅಡ್ಡ ಕೂತಿತ್ತು. ಶ್ರೀನಿವಾಸಪುರದ ಮಾವಿನ ತೋಟದವರು ಹೆಣ್ಣು ನೋಡಲು ಬಂದು, ಉಪ್ಪಿಟ್ಟಿನ ತಟ್ಟೆ ಕೈಗೆ ತೆಗೆದುಕೊಂಡು, ಗಂಗುಲಪ್ಪನ ಮುಖವನ್ನೇ ದಿಟ್ಟಿಸಿದರು.

“ನಮ್ಮಣ್ಣನ ಮುಂದೆ ಹಾಡಿದ್ದು ನೀವೇ ಅಲ್ವಾ?”

“ನಾನೇ. ಚೆನ್ನಾಗಿತ್ತಾ?” ಎಂದ ಗಂಗುಲಪ್ಪ, ಕಲಾವಿದನ ಚಪಲ.

“ತುಂಬ ಚೆನ್ನಾಗಿತ್ತು” ಎಂದು ಅವರು ತಟ್ಟೆ ಕೆಳಗಿಟ್ಟು ಎದ್ದರು. ಆಮೇಲೆ ಹೆಣ್ಣು ನೋಡಲು ಬಂದವರೂ ಹೀಗೆಯೇ ಎದ್ದರು. ಭಾರತಿ ಉಪ್ಪಿಟ್ಟು ಮಾಡುವುದರಲ್ಲಿ ನಿಪುಣೆಯಾದಳು. ಅವಳು ಅಪ್ಪನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಎಂಬತ್ತಮೂರರಲ್ಲಿ ರೀಡುಗಳು ಮತ್ತೆ ಕೆಟ್ಟವು. ಗಂಗುಲಪ್ಪ ಮತ್ತೆ ಕೆಜಿಎಫ್‌ಗೆ ಹೋದ. ಸುಬ್ಬರಾಯಪ್ಪ ರಿಪೇರಿ ಮುಗಿಸಿ, “ಒಂದು ನುಡಿಸಿ ನೋಡಿ” ಎಂದ. ಕೈ ತಾನಾಗಿ ಆ ಮಟ್ಟಿಗೆ ಹೋಯಿತು. ಸುಬ್ಬರಾಯಪ್ಪ ಕಿವಿಗೊಟ್ಟು ಕೇಳಿ ನಕ್ಕ.

“ಮದುವೆ ಹಾಡನ್ನ ಇಷ್ಟು ಯಾಕೆ ಎಳೀತೀರಿ ಮೇಷ್ಟ್ರೇ? ಮದುವೆಗೆ ಬಂದೋರು ಮಲಗಿಬಿಡ್ತಾರೆ.”

“ಮದುವೆ ಹಾಡಾ? ಇದು ಗಂಡ ಸತ್ತೋಳ ಹಾಡು. ಆಯಮ್ಮ ಬೆಳ್ಳಗೆ ಉಟ್ಟಿದ್ದನ್ನ ನಾನೇ ನೋಡಿದೀನಿ.”

“ಅವರಲ್ಲಿ ಮದುಮಗಳೇ ಬೆಳ್ಳಗೆ ಉಡೋದು.”

“ಗಂಡಸರೆಲ್ಲ ಕರೀ ಬಟ್ಟೆ ಹಾಕ್ಕೊಂಡು ನಿಂತಿದ್ರು!”

“ಸೂಟು ಕಣ್ರೀ ಅದು.”

“ಅವರಮ್ಮ ಅಳ್ತಿದ್ಳು!”

“ಮಗಳ ಮದುವೇಲಿ ನಿಮ್ಮ ಮನೆಯೋರು ಕುಣೀತಾರಾ? ಈ ಸಿನಿಮಾ ಇಲ್ಲಿ ಎಷ್ಟು ಸಲ ಬಂದಿದೆ ಅಂತೀರಾ! ಮೊದಲ ಚರಣ ಹಿಂಗೇ ನಿಧಾನ. ಆಮೇಲೆ ಗಂಡು ಬಂದು ಕೈ ಹಿಡಿದ ಕೂಡ್ಲೆ ಊರೆಲ್ಲ ಕುಣಿಯುತ್ತೆ. ನೀವು ಅಷ್ಟರೊಳಗೆ ಎದ್ದು ಬಂದ್ರಾ?”

ಸುಬ್ಬರಾಯಪ್ಪ ಮೇಜಿನ ಮೇಲೆ ಬೆರಳು ಬಡಿಯುತ್ತಾ ಉಳಿದ ಅರ್ಧವನ್ನು ಸಿಳ್ಳೆಯಲ್ಲಿ ನುಡಿಸಿದ. ಕಟ್ಟಿ ಹಾಕಿದ್ದ ಕರು ಹಗ್ಗ ಕಿತ್ತುಕೊಂಡು ಬಯಲಿಗೆ ಬಿದ್ದಂತೆ ಇತ್ತು ಅದು. ಹನ್ನೊಂದು ವರ್ಷ ಮೂರು ತಾಲ್ಲೂಕಿನ ಹೆಣಗಳಿಗೆ ತಾನು ಮದುವೆ ಮಾಡಿಸಿದ್ದೇನೆಂದು ಗಂಗುಲಪ್ಪನಿಗೆ ಅರಿವಾದಾಗ, ನಗಬೇಕೋ ಅಳಬೇಕೋ ತಿಳಿಯದೆ, “ಇನ್ನೊಂದು ಸಲ ಸಿಳ್ಳೆ ಹಾಕಪ್ಪ” ಎಂದ. ಈ ಸಲ ಪೂರ್ತಿ ಕಲಿತೇ ಎದ್ದ.

ಮರುವರ್ಷ ದೇವರು ಕಣ್ಣು ಬಿಟ್ಟ. ಸಂಬಂಧ ಕೂಡಿ ಬಂದದ್ದು ಮಾಲೂರಿನ ಕಡೆಯಿಂದ. ಹಾಡು ಅಲ್ಲಿಯವರೆಗೆ ಹರಡಿರಲಿಲ್ಲ. ಗಂಡು ರಾಮಚಂದ್ರ, ಹೆಂಚಿನ ಕಾರ್ಖಾನೆಯಲ್ಲಿ ಕೆಲಸ. ಮೈಗೆಲ್ಲ ಕೆಂಪು ಮಣ್ಣು, ಬಾಯಿ ತುಂಬ ನಗು. ಅವನ ತಾಯಿ ಶ್ಯಾಮಲಮ್ಮ, “ನಿಮ್ಮ ಯಜಮಾನರು ಏನು ಮಾಡ್ತಾರೆ?” ಎಂದು ಕೇಳಿದಾಗ ಅಶ್ವತ್ಥಮ್ಮ “ತರಕಾರಿ ಬೆಳೀತಾರೆ” ಎಂದಳು. ಅದು ಸುಳ್ಳೇನಲ್ಲ, ಹಿತ್ತಲಿನಲ್ಲಿ ಬದನೆಗಿಡ ಇತ್ತು.

ಮದುವೆ ಕುರುಡುಮಲೆಯ ಗಣಪತಿ ಗುಡಿಯ ಹತ್ತಿರ. ಹೊರಡುವ ಮೊದಲು ಅಶ್ವತ್ಥಮ್ಮ ಗಂಡನ ಕೈಯನ್ನು ಮಗಳ ತಲೆಯ ಮೇಲಿಟ್ಟು ಹಿಡಿದು ನಿಂತಳು.

“ಪೆಟ್ಟಿಗೆ ತರಲ್ಲ ಅಂತ ಆಣೆ ಇಡಿ.”

“ತರಲ್ಲ ಕಣೇ” ಎಂದ ಗಂಗುಲಪ್ಪ. ತಂದದ್ದು ಅವನಲ್ಲವೇ ಅಲ್ಲ. ದೊಡ್ಡಮುನಿಯಪ್ಪನ ಗಾಡಿಯಲ್ಲಿ, ಕುಂಬಳಕಾಯಿ ಮೂಟೆಗಳ ನಡುವೆ, ಗೋಣಿ ಹೊದ್ದು ತಾನಾಗಿಯೇ ಬಂತು.

ಧಾರೆಯಾಯಿತು. ಓಲಗದವರು ಊಟಕ್ಕೆ ಎದ್ದರು. ಹೆಣ್ಣುಗಂಡು ಹಸೆಯ ಮೇಲೆ ಕೂತಿದ್ದರು. ಗಂಗುಲಪ್ಪ ಕುಂಬಳಕಾಯಿಗಳ ಹಿಂದಿನಿಂದ ಪೆಟ್ಟಿಗೆ ಎತ್ತಿ ತಂದು, ದಂಡಯಾತ್ರೆಗೆ ಹೊರಟ ಚಕ್ರವರ್ತಿಯಂತೆ ಚಪ್ಪರದ ನಡುವೆ ಕೂತ. ಎರಡನೆಯ ಅರ್ಧಕ್ಕೆ ಹೊಸ ಪದ್ಯ ಕಟ್ಟಿದ್ದ: ‘ಹಿಡಿದ ಕೈಯ ಬಿಡದಿರಣ್ಣ, ನಡೆವ ದಾರಿ ಹೂವಿನದು.’ ಅಲ್ಲಿಗೆ ತಲುಪಿದರೆ ಮೂರು ತಾಲ್ಲೂಕೂ ಕುಣಿಯುತ್ತದೆ, ತನ್ನ ತಪ್ಪು ತೊಳೆದು ಹೋಗುತ್ತದೆ, ಭಾರತಿ ನಗುತ್ತಾಳೆ.

ಆದರೆ ಎರಡನೆಯ ಅರ್ಧಕ್ಕೆ ಹೋಗಲು ಮೊದಲನೆಯ ಅರ್ಧ ದಾಟಬೇಕಿತ್ತು.

ಪೆಟ್ಟಿಗೆಯ ಮೊದಲ ಸ್ವರ ಎದ್ದದ್ದೇ ತಡ, ಮುಳಬಾಗಿಲು ಕಡೆಯ ಹೆಂಗಸರ ಸೆರಗು ಬಾಯಿಗೆ ಹೋಯಿತು. ಎರಡನೆಯ ಸಾಲಿಗೆ ಯಾರೋ “ಅಯ್ಯೋ ನಮ್ಮಪ್ಪಾ” ಎಂದು ರಾಗ ತೆಗೆದರು. ಹೋದ ವರ್ಷ ಗಂಡನನ್ನು ಕಳಕೊಂಡ ಒಬ್ಬಳು ಎದೆ ಬಡಿದುಕೊಂಡಳು. ಅವಳನ್ನು ನೋಡಿ ಇನ್ನೊಬ್ಬಳು. ಯಾರಿಗೂ ಅಳುವ ಮನಸ್ಸಿರಲಿಲ್ಲ, ಕಣ್ಣುಗಳು ಪಳಗಿಬಿಟ್ಟಿದ್ದವು. ಅಕ್ಷತೆ ಹಿಡಿದ ಕೈಗಳಲ್ಲೇ ಕಣ್ಣು ಒರೆಸಿಕೊಂಡರು.

ಶ್ಯಾಮಲಮ್ಮ ಎದ್ದು ನಿಂತಳು. “ಏನಿದು? ನನ್ನ ಮಗನ ಮದುವೇಲಿ ಯಾರು ಸತ್ತಿದಾರೆ ಅಂತ ಈ ಅಳು?”

ಗುಟ್ಟು ಒಂದು ನಿಮಿಷದಲ್ಲಿ ಚಪ್ಪರದ ಈ ತುದಿಯಿಂದ ಆ ತುದಿಗೆ ಹೋಯಿತು. ಅಶ್ವತ್ಥಮ್ಮ ಬಂದು ಪೆಟ್ಟಿಗೆಯ ಮುಚ್ಚಳವನ್ನು ಗಂಡನ ಬೆರಳುಗಳ ಮೇಲೆಯೇ ಮುಚ್ಚಿದಳು. ಆ ಗದ್ದಲದಲ್ಲಿ ಒಬ್ಬನೇ ಒಬ್ಬ, ಬಾಸಿಂಗ ಕಟ್ಟಿಕೊಂಡಿದ್ದ ರಾಮಚಂದ್ರ, ಹಸೆಯ ಮೇಲಿಂದಲೇ ಕೇಳಿದ: “ಯಾಕೆ ಮಾವ ನಿಲ್ಲಿಸಿದ್ರಿ? ಚೆನ್ನಾಗಿತ್ತಲ್ಲ! ಮುಂದೇನು?”

ಮುಂದಿನದನ್ನು ರಾಮಚಂದ್ರ ಮರೆಯಲಿಲ್ಲ. ಹಬ್ಬಕ್ಕೆ ಬಂದಾಗಲೆಲ್ಲ, “ಮಾವ, ಆ ಅರ್ಧ ಹಾಡು ಬಾಕಿ ಇದೆ” ಎಂದು ಕೊಟ್ಟಿಗೆಯ ಅಟ್ಟದ ಕಡೆ ಕಣ್ಣು ಹೊಡೆಯುತ್ತಿದ್ದ. ಅಶ್ವತ್ಥಮ್ಮ ಸೌಟು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು. “ನಿಮ್ಮ ಮಗೂನ ತೊಟ್ಟಿಲಿಗೆ ಹಾಕೋ ದಿನ ಮುಗಿಸ್ತೀನಿ ಅಳಿಯಂದಿರೇ, ಆಗ ನಿಮ್ಮತ್ತೆಯ ಅಪ್ಪ ಬಂದರೂ ಬಿಡಲ್ಲ” ಎನ್ನುತ್ತಿದ್ದ ಗಂಗುಲಪ್ಪ. ಭಾರತಿ ತಲೆ ತಗ್ಗಿಸಿ ನಗುತ್ತಿದ್ದಳು.

ತೊಟ್ಟಿಲಿನ ದಿನ ಬರಲಿಲ್ಲ. ಎಂಬತ್ತಾರರ ಮಳೆಗಾಲದಲ್ಲಿ, ಹೆಂಚಿಗೆ ಜೇಡಿಮಣ್ಣು ತೆಗೆಯುವ ಗುಂಡಿಯ ದಂಡೆ ಕುಸಿಯಿತು. ಕೆಳಗಿದ್ದವನು ರಾಮಚಂದ್ರ. ಹೊರಗೆ ತೆಗೆದಾಗ ಮೈಗೆಲ್ಲ ಎಂದಿನಂತೆಯೇ ಕೆಂಪು ಮಣ್ಣು. ನಗು ಮಾತ್ರ ಇರಲಿಲ್ಲ.

ಆ ಹಾಡು ಹುಟ್ಟಿದ ಮೇಲೆ ಗಂಗುಲಪ್ಪ ಮೊದಲ ಸಲ ಸಾವಿನ ಮನೆಗೆ ಪೆಟ್ಟಿಗೆಯಿಲ್ಲದೆ ಹೋದ. ಬೈರಕೂರಿನಿಂದ ಒಂದು ಲಾರಿ ತುಂಬ ಜನ ಬಂದಿತ್ತು. ಅಂಗಳದಲ್ಲಿ ಹೆಣ, ತಲೆಯ ಹತ್ತಿರ ದೀಪ. ಶ್ಯಾಮಲಮ್ಮ ಅವನನ್ನು ಕಂಡೊಡನೆ ಎದ್ದು ಬಂದಳು.

“ಬಂದ್ಯೇನಪ್ಪಾ? ಹಸೆ ಮೇಲೆ ಕೂತಿದ್ದೋನಿಗೆ ಹೆಣದ ಹಾಡು ಹಾಡಿ ಮುಹೂರ್ತ ಇಟ್ಟು ಹೋದೆ. ಈಗ ನೋಡ್ಕೋ, ಕಣ್ತುಂಬ ನೋಡ್ಕೋ.”

ಗಂಗುಲಪ್ಪ ಹೆಣದ ಕಾಲ ಬಳಿ ಕುಕ್ಕರಿಸಿದ. ಬೈರಕೂರಿನ ಹೆಂಗಸರು ಸೆರಗು ಸಿದ್ಧ ಮಾಡಿಕೊಂಡು ಅವನನ್ನೇ ನೋಡುತ್ತಿದ್ದರು. ಭಾರತಿ ಗಂಡನ ತಲೆಯ ಹತ್ತಿರ ಕೂತಿದ್ದಳು. ಬೆಳಗಿನಿಂದ ಒಂದು ಹನಿ ಅತ್ತಿರಲಿಲ್ಲ.

“ಅಪ್ಪಾ” ಎಂದಳು. “ಅವರು ಕೇಳ್ತಾನೇ ಇದ್ರಲ್ಲ. ಮುಗಿಸು.”

“ಬೇಡ ಮಗಳೇ.”

“ಮೊದಲ ಅರ್ಧ ಅವರು ಕೇಳಾಗಿದೆ. ಉಳಿದಿದ್ದು ಹಾಡು.”

ಗಂಗುಲಪ್ಪ ದೊಡ್ಡಮುನಿಯಪ್ಪನ ಕಡೆ ನೋಡಿದ. ಅವನು ಮುಖ ತಿರುಗಿಸಿದ. ಮಣ್ಣು ಮೆತ್ತಿದ್ದ ಅಳಿಯನ ಪಾದದ ಪಕ್ಕದಲ್ಲಿ, ನೆಲದ ಮೇಲೆ, ಗಂಗುಲಪ್ಪನ ಬೆರಳುಗಳು ಬಡಿಯತೊಡಗಿದವು. ಆಮೇಲೆ ಗಂಟಲು ಬಂತು. ‘ಹಿಡಿದ ಕೈಯ ಬಿಡದಿರಣ್ಣ, ನಡೆವ ದಾರಿ ಹೂವಿನದು.’ ಒಡೆದ ದನಿಯಾದರೂ ಓಟ ತಪ್ಪಲಿಲ್ಲ. ಬೈರಕೂರಿನ ಹೆಂಗಸರು ಅಳಲು ತೆರೆದ ಬಾಯನ್ನು ಹಾಗೆಯೇ ತೆರೆದುಕೊಂಡು ಕೂತರು. ಈ ಓಟಕ್ಕೆ ಅಳುವುದು ಅವರಿಗೆ ಬರುತ್ತಿರಲಿಲ್ಲ. ಒಂದು ಮಗು ಕಂಕುಳಲ್ಲೇ ಕೈಕಾಲು ಆಡಿಸಿ ಕೇಕೆ ಹಾಕಿತು.

“ಏಯ್!” ಶ್ಯಾಮಲಮ್ಮನ ಕೂಗು ಬೀದಿಗೆ ಕೇಳಿಸಿತು. “ಹೆಣದ ಮುಂದೆ ಮದುವೆ ಹಾಡು ಹಾಡ್ತೀಯೇನಯ್ಯಾ? ತಲೆ ಕೆಟ್ಟಿದೆಯಾ ನಿನಗೆ? ಯಾರಾದ್ರೂ ಎಳ್ಕೊಂಡು ಹೋಗ್ರೋ ಈ ಪಾಪೀನ!”

ಯಾರೂ ಹೇಳಿಕೊಡದೆ, ಕೇಳಿದ ಕೂಡಲೆ, ಅದು ಮದುವೆ ಹಾಡೆಂದು ಗುರುತು ಹಿಡಿದವಳು ಇಡೀ ಜಿಲ್ಲೆಯಲ್ಲಿ ಶ್ಯಾಮಲಮ್ಮ ಒಬ್ಬಳೇ. ಗಂಗುಲಪ್ಪನ ಇಷ್ಟು ವರ್ಷದ ಆಸೆ ಕೈಗೂಡಿತು. ಇಬ್ಬರು ಗಂಡಸರು ಬಂದು ಅವನ ರಟ್ಟೆ ಹಿಡಿದು ಎಬ್ಬಿಸಿದರು. ಕೊನೆಯ ಸಾಲನ್ನು ಅವನು ಬೀದಿಬಾಗಿಲಿನಲ್ಲಿ, ಅವರ ಕೈಗಳ ನಡುವೆ ಜೋತಾಡುತ್ತಾ ಮುಗಿಸಿದ. ಆಗ ಭಾರತಿ ಅತ್ತಳು.

ತಿಥಿಯಾದ ಮೇಲೆ ಶ್ಯಾಮಲಮ್ಮ ಸೊಸೆಯನ್ನು ಇಟ್ಟುಕೊಳ್ಳಲಿಲ್ಲ. ತವರಿನಿಂದ ತಂದ ಬಿಳಿ ಸೀರೆ ಉಡಿಸಿ, ಬಟ್ಟೆಯ ಗಂಟು ಹೊರಗಿಟ್ಟಳು. ಅಪ್ಪ ಮಗಳು ಕೋಲಾರದಲ್ಲಿ ಬಸ್ಸು ಬದಲಿಸಿ ಮುಳಬಾಗಿಲಿನ ಬಸ್ಸು ಹತ್ತಿದರು. ಭಾರತಿ ಕಿಟಕಿಯ ಸರಳಿಗೆ ಹಣೆ ಒತ್ತಿ ಕೂತಳು. ಸೆರಗು ಗಾಳಿಗೆ ಹಾರಿ ಅವಳ ಮುಖದ ಮೇಲೆ ಬಿತ್ತು. ತಲೆಯಿಂದ ಕಾಲಿನವರೆಗೆ ಬಿಳಿ, ಮುಖದ ಮೇಲೆ ಬಿಳಿ ಮುಸುಕು. ಗಂಗುಲಪ್ಪ ಅತ್ತ ನೋಡಲಾರದೆ ಎದುರಿನ ಸೀಟಿನ ಬೆನ್ನು ನೋಡುತ್ತಾ ಕೂತ.

ಕಂಡಕ್ಟರ್ ಬೈರಕೂರಿನ ಪಕ್ಕದ ಊರಿನವನು. ಟಿಕೆಟ್ಟು ಕೊಡುತ್ತಾ ಬಂದವನು ಗುರುತು ಹಿಡಿದ.

“ಓಹೋ, ಮೇಷ್ಟ್ರು! ಪೆಟ್ಟಿಗೆ ಎಲ್ಲಿ? ಯಾರು ಹೋದ್ರು?”

“ಯಾರೂ ಇಲ್ಲಪ್ಪ” ಎಂದ ಗಂಗುಲಪ್ಪ. “ಮಗಳ ಮದುವೇಲಿ ಒಂದು ಹಾಡು ಅರ್ಧಕ್ಕೆ ನಿಂತಿತ್ತು. ಮುಗಿಸ್ಕೊಂಡು ಬಂದೆ. ಮುಳಬಾಗಿಲಿಗೆ ಎರಡು ಕೊಡು.”

ಕಂಡಕ್ಟರ್ ನಗಲು ಬಾಯಿ ತೆರೆದ. ಆಮೇಲೆ ಅವನಿಗೆ ಕಿಟಕಿಯ ಪಕ್ಕದ ಸೀರೆ ಕಂಡಿತು.